ಹನ್ನೆರಡನೆಯ ಪುಸ್ತಕದ ಕೊನೆಯ ಎಂಟು ಪುಟ

ಡೊರ್ಕಸ್ ಕ್ಲೆಗ್ ತನ್ನ ಆಯುಷ್ಯದಲ್ಲಿ ಹನ್ನೊಂದು ಮದುವೆ ಮಾಡಿಸಿದ್ದಳು. ಒಂದಕ್ಕೂ ಅವಳಿಗೆ ಮನಸ್ಸಿರಲಿಲ್ಲ.

ಹನ್ನೊಂದೂ ಪುಸ್ತಕದೊಳಗಿನ ಮದುವೆಗಳು. ಪ್ರತಿ ಕಾದಂಬರಿಯಲ್ಲೂ ಅವಳ ಸ್ವಂತ ಊರಾದ ಹೆಲ್ಮ್‌ಡೆನ್ನಿನಂಥದ್ದೇ ಒಂದು ಬಟ್ಟೆಗಿರಣಿ ಊರು, ನಾಲ್ಕು ಮಗ್ಗ ನಡೆಸುವ ಒಬ್ಬ ಹುಡುಗಿ. ಮುನ್ನೂರು ಪುಟ ಅವಳ ಪಾಡು. ಕೊನೆಯ ಎಂಟು ಪುಟ ಬಂತೆಂದರೆ ಎಲ್ಲಿದ್ದನೋ ಏನೋ, ಗಿರಣಿ ಧಣಿಯ ಮಗ ಕುದುರೆಯಿಂದ ಇಳಿದು ಬಂದು ಅವಳ ಕೈ ಹಿಡಿಯುತ್ತಿದ್ದ. ಡೊರ್ಕಸ್ ಬರೆದು ಕಳಿಸಿದ ಹಸ್ತಪ್ರತಿಯಲ್ಲಿ ಈ ಮಹಾಶಯನ ಸುಳಿವೇ ಇರುತ್ತಿರಲಿಲ್ಲ. ಅಲ್ಲಿ ಒಬ್ಬಳು ಸಂಘ ಕಟ್ಟುತ್ತಿದ್ದಳು, ಒಬ್ಬಳು ಕುಡುಕ ಗಂಡನನ್ನು ಬಿಟ್ಟು ಮಗ್ಗಕ್ಕೆ ಮರಳುತ್ತಿದ್ದಳು, ಒಬ್ಬಳು ಸುಮ್ಮನೆ ವಯಸ್ಸಾಗುತ್ತಿದ್ದಳು. ಧಣಿಯ ಮಗನನ್ನು ಕುದುರೆ ಹತ್ತಿಸಿ ಕಳಿಸುತ್ತಿದ್ದವನು ಲಂಡನ್ನಿನ ಪ್ರಕಾಶಕ ಅಗಸ್ಟಸ್ ಮೆರಿವೇಲ್. ನಮ್ಮ ಓದುಗರು ಚಹಾ ಕುಡಿಯುತ್ತ ಓದುವವರು, ಅವರ ಚಹಾ ಕಹಿ ಮಾಡುವುದು ಬೇಡ ಎಂದು ಪ್ರತಿ ಸಲವೂ ಸವಿಸವಿಯಾಗಿ ಪತ್ರ ಬರೆಯುತ್ತಿದ್ದ. ಪ್ರತಿ ಸಲವೂ ಡೊರ್ಕಸ್ ಹಲ್ಲು ಕಚ್ಚಿಕೊಂಡು ಒಪ್ಪಿಗೆಯ ಸಹಿ ಹಾಕುತ್ತಿದ್ದಳು.

ಊರ ನೇಕಾರ್ತಿಯರು ಬಿಡುತ್ತಾರೆಯೇ. ಮಾಂಸದಂಗಡಿಯ ಸಾಲಿನಲ್ಲಿ ಸಿಕ್ಕಿದರೆ ಸಾಕು, ಈ ವರ್ಷ ಯಾರ ಮದುವೆ ಮಾಡಿಸಿದೆ ಎಂದು ಕಾಲೆಳೆಯುತ್ತಿದ್ದರು. "ನಲವತ್ತು ವರ್ಷದಿಂದ ಗಿರಣಿಗೆ ಹೋಗ್ತಿದೀವಿ ಮಾರಾಯ್ತಿ, ಧಣಿ ಮಗ ಅಂತ ಕಂಡಿದ್ದು ಒಬ್ಬನೇ. ಅವನಿಗೆ ಮೂಗು ಒರೆಸೋಕೂ ಆಳು ಬೇಕಿತ್ತು. ನಿನಗೆಲ್ಲಿ ಸಿಗ್ತಾರೆ ಇಷ್ಟೊಂದು ಜನ?" ಡೊರ್ಕಸ್ ಅವರೊಂದಿಗೆ ತಾನೂ ನಗುತ್ತಿದ್ದಳು. ಆಗಿನ ಪುಸ್ತಕಗಳ ಹಾಳೆಗಳು ಅಂಚು ಕೂಡಿಕೊಂಡೇ ಬರುತ್ತಿದ್ದವು, ಓದುವವರೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಅವಳು ತನ್ನ ಪುಸ್ತಕಗಳ ಹಾಳೆ ಬಿಡಿಸುತ್ತ ಹೋಗಿ ಕೊನೆಯ ಎಂಟು ಪುಟಕ್ಕೆ ಬಂದಾಗ ಚಾಕು ಕೆಳಗಿಡುತ್ತಿದ್ದಳು. ಅವಳ ಕಪಾಟಿನಲ್ಲಿ ಹನ್ನೊಂದು ಪುಸ್ತಕಗಳು ಬಾಲ ಮುಚ್ಚಿಕೊಂಡೇ ನಿಂತಿದ್ದವು. ಆ ಕಪಾಟಿನ ಕಡೆ ನೋಡಿದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಹೇಡಿ ಎಂದು ಅವಳನ್ನು ಯಾರೂ ಕರೆಯುವಂತಿರಲಿಲ್ಲ. ಹತ್ತನೆಯ ವಯಸ್ಸಿಗೆ ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ. ಶಾಲೆಯಲ್ಲಿ ಬರೀ ನಿದ್ದೆ. ಅಕ್ಷರ ಹತ್ತಿದ್ದು ಚರ್ಚಿನ ಭಾನುವಾರದ ತರಗತಿಯಲ್ಲಿ. ಇಪ್ಪತ್ತೈದು ವರ್ಷ ಮಗ್ಗ ನಡೆಸಿದಳು. ಮೊದಲ ಕಾದಂಬರಿ ಬರೆದದ್ದು ಬಟ್ಟೆಯ ಥಾನಿಗೆ ಕಟ್ಟುವ ಚೀಟಿಗಳ ಬೆನ್ನ ಮೇಲೆ, ಊಟದ ಬಿಡುವಿನಲ್ಲಿ. ಡಿ. ಕ್ಲೆಗ್ ಎಂದಷ್ಟೇ ಸಹಿ ಮಾಡಿ ಕಳಿಸಿದಳು. ಮೆರಿವೇಲ್ "ಮಾನ್ಯ ಮಹಾಶಯರೇ" ಎಂದು ಉತ್ತರ ಬರೆದ. ಮಹಾಶಯರು ಹೆಂಗಸು, ಅದರಲ್ಲೂ ನೇಕಾರ್ತಿ ಎಂದು ತಿಳಿದ ಮೇಲೆ ಅವನ ಖುಷಿಗೆ ಪಾರವಿಲ್ಲ. "ಮಗ್ಗದ ಸಂದಿಯ ಹಾಡುಹಕ್ಕಿ" ಎಂದು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದ. ಹಕ್ಕಿಗೆ ಆಗ ಮುಂದಿನ ಹಲ್ಲುಗಳಿರಲಿಲ್ಲ. ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲಿನ ಎಳೆಯನ್ನು ಹೀರಿ ತೆಗೆಯುವುದು ನೇಕಾರ್ತಿಯರ ಪದ್ಧತಿ. ದಿನಕ್ಕೆ ನೂರಾರು ಸಲ ಹಾಗೆ ಹೀರಿದರೆ ಮೂವತ್ತಕ್ಕೆಲ್ಲ ಹಲ್ಲು ಹುಳುಕು. ಮೊದಲ ಪುಸ್ತಕದ ದುಡ್ಡಿನಲ್ಲಿ ಡೊರ್ಕಸ್ ಒಡವೆ ಮಾಡಿಸಲಿಲ್ಲ, ಹಲ್ಲು ಕಟ್ಟಿಸಿಕೊಂಡಳು. ಮೆರಿವೇಲ್‌ನ ಪತ್ರ ಬಂದಾಗ ಕಚ್ಚುತ್ತಿದ್ದುದು ಆ ಹಲ್ಲನ್ನೇ.

ಆ ಊರಿನ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾವಿರದ ಆರುನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ನಮ್ಮ ಕೆಮ್ಮು ನಮಗೇ ಕೇಳುವುದಿಲ್ಲ. ಹಾಗೆಂದು ನಾನೂರು ಹೆಂಗಸರು ಹತ್ತು ತಾಸು ಬಾಯಿ ಮುಚ್ಚಿಕೊಂಡಿರುತ್ತಾರೆಯೇ. ಅವರು ತುಟಿಯಲ್ಲಿ ಮಾತಾಡುತ್ತಿದ್ದರು. ದನಿಯಿಲ್ಲ, ಮುಖವೆಲ್ಲ ಮಾತು. ತುಟಿ, ಹಲ್ಲು, ಕೆನ್ನೆ, ಹುಬ್ಬು ಎಲ್ಲ ಸೇರಿ ಒಂದೊಂದು ಪದವನ್ನೂ ಬಿಡಿಸಿ ತೋರಿಸುತ್ತಿದ್ದವು. ಶೆಡ್ಡಿನ ಈ ಕೊನೆಯ ಬಸಿರಿನ ಸುದ್ದಿ ಆ ಕೊನೆಗೆ ತಲುಪಲು ಒಂದು ನಿಮಿಷ ಸಾಕಿತ್ತು. ನಲವತ್ತರ ಹೊತ್ತಿಗೆ ಅರ್ಧದಷ್ಟು ಜನರ ಕಿವಿ ಹೋಗುತ್ತಿತ್ತು, ಹರಟೆ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಹಾಗೆ ಕಿವಿ ಹೋದವರಲ್ಲಿ ಒಬ್ಬಳು ಸೆಲೀನಾ ಪಿಕಪ್. ಇಪ್ಪತ್ತು ವರ್ಷ ಡೊರ್ಕಸಳ ಪಕ್ಕದ ಮಗ್ಗದವಳು, ಈಗ ವಿಧವೆ. ಅವಳಿಗಿದ್ದದ್ದು ಒಬ್ಬಳೇ ಮಗಳು, ಎಫಿ. ನೂಲು ಹರಿಯದಿರಲೆಂದು ಗಿರಣಿಯ ಒಡೆಯ ಸರ್ ಲೂಥರ್ ರಾಮ್ಸ್‌ಡೆನ್ ಶೆಡ್ಡಿನೊಳಕ್ಕೆ ಕೊಳವೆಯಿಂದ ಬಿಸಿ ಹಬೆ ಬಿಡಿಸುತ್ತಿದ್ದ. ನೂಲು ಹರಿಯಲಿಲ್ಲ. ಎಫಿಯ ಎದೆ ಹರಿಯಿತು. ಹತ್ತೊಂಬತ್ತಕ್ಕೆ ಹಾಸಿಗೆ ಹಿಡಿದಳು.

ಆಗ ಹಬೆಯ ಬಗ್ಗೆ ವಿಚಾರಣೆಗೆ ಸರ್ಕಾರದಿಂದ ಅಧಿಕಾರಿಯೊಬ್ಬ ಬಂದಿದ್ದ. ಸರ್ ಲೂಥರ್ ತನ್ನ ಗಾಜಿನಮನೆಯಲ್ಲಿ ಬೆಳೆದ ಕಪ್ಪು ದ್ರಾಕ್ಷಿಯ ಬುಟ್ಟಿ ಹಿಡಿದು ಸೆಲೀನಾಳ ಮನೆಗೆ ಬಂದ. ಹುಡುಗಿಯ ಹಾಸಿಗೆಯ ಪಕ್ಕ ಕೂತು, ನಿನಗೆ ನನ್ನ ಮೇಲೆ ಏನೂ ದೂರಿಲ್ಲ ತಾನೇ ಮಗೂ ಎಂದು ಕೇಳಿದ. ಎಫಿಗೆ ದನಿ ತೆಗೆಯುವಷ್ಟು ಉಸಿರಿರಲಿಲ್ಲ. ಶೆಡ್ಡಿನಲ್ಲಿ ಮಾತಾಡುವ ಹಾಗೆ ತುಟಿಯಲ್ಲೇ ಉತ್ತರ ಹೇಳಿದಳು. ಅವನಿಗೆ ತಿಳಿಯಲಿಲ್ಲ. ಏನಂದಳು ಎಂದು ತಾಯಿಯ ಕಡೆ ತಿರುಗಿದ.

ಎಫಿ ಹೇಳಿದ್ದು ಇಷ್ಟು: "ದ್ರಾಕ್ಷಿ ವಾಪಸ್ ತಗೊಂಡು ಹೋಗಿ. ನನ್ನ ಉಸಿರು ತಂದುಕೊಡಿ."

ಮಗ್ಗ ಕಳೆದುಕೊಂಡರೆ ಬೀದಿಗೆ ಬೀಳಬೇಕಾದ ಸೆಲೀನಾ, ಉಪಕಾರವಾಯಿತು ಅನ್ನುತ್ತಿದ್ದಾಳೆ ಧಣಿ, ಎಂದಳು. ಮಗಳು ತಾಯಿಯ ತುಟಿಯನ್ನು ನೋಡುತ್ತಿದ್ದಳು. ನೋಡಿ ಗೋಡೆಯ ಕಡೆ ಹೊರಳಿಕೊಂಡಳು, ಮೂರನೆಯ ದಿನ ಸತ್ತಳು. ಆ ಹುಡುಗಿ ಸಾಯುವ ಮುಂಚೆ ನನ್ನನ್ನು ಹರಸಿದಳು ಎಂದು ಸರ್ ಲೂಥರ್ ಅಧಿಕಾರಿಗೆ ಹೇಳಿದ, ಚರ್ಚಿನಲ್ಲಿ ಹೇಳಿದ, ಪತ್ರಿಕೆಗೂ ಬರೆಸಿದ. ಅವನು ಅದನ್ನು ನಿಜವಾಗಿಯೂ ನಂಬಿದ್ದ. ಹೇಳುವಾಗ ಕಣ್ಣು ತೇವವಾಗುತ್ತಿತ್ತು. ಹಬೆ ಬರುತ್ತಲೇ ಇತ್ತು.

ಮಣ್ಣಾದ ಮರುದಿನ ಸೆಲೀನಾ ಡೊರ್ಕಸಳ ನೀಲಿ ಬಾಗಿಲು ಬಡಿದು ಎಲ್ಲವನ್ನೂ ಹೇಳಿಕೊಂಡಳು. "ನನ್ನ ಬಾಯಿಂದ ಸುಳ್ಳು ಹೊರಟುಹೋಯ್ತು ಕಣೇ. ನಿನ್ನ ಕೈಯಿಂದ ನಿಜ ಬರಿ. ನಿನ್ನ ಪುಸ್ತಕನ ಲಂಡನ್ ತನಕ ಓದ್ತಾರೆ ಅಂತಾರಲ್ಲ." ಡೊರ್ಕಸ್ ಮಾತು ಕೊಟ್ಟಳು. ಮೂರು ವರ್ಷ ಕೂತು ಹನ್ನೆರಡನೆಯದನ್ನು ಬರೆದಳು. ಅದರಲ್ಲಿ ಹುಡುಗಿಯ ಹೆಸರು ಬೇರೆ, ಧಣಿಯ ಹೆಸರು ಬೇರೆ. ದ್ರಾಕ್ಷಿ ಮತ್ತು ಉಸಿರಿನ ಮಾತು ಮಾತ್ರ ಎಫಿಯದೇ. ಕೊನೆಯ ಎಂಟು ಪುಟದ ಒಂದು ಅಕ್ಷರ ಮುಟ್ಟಕೂಡದು ಎಂದು ಮೆರಿವೇಲ್‌ಗೆ ಬರೆದಳು. ಆಗಲಿ ಎಂದು ಉತ್ತರ ಬಂತು. ಕರಡು ತಿದ್ದಲು ಬಂದಾಗಲೂ ಅವಳು ಬರೆದದ್ದೇ ಇತ್ತು.

ಆ ವರ್ಷ ಸರ್ ಲೂಥರ್ ಊರಿಗೆ ಒಂದು ಪುಸ್ತಕಾಲಯ ಕಟ್ಟಿಸಿಕೊಟ್ಟ. ಪ್ರಾರಂಭೋತ್ಸವ ಶನಿವಾರ ಮಧ್ಯಾಹ್ನ. ಊರ ಕಾದಂಬರಿಕಾರ್ತಿ ತನ್ನ ಹೊಸ ಪುಸ್ತಕದ ಕೊನೆಯ ಅಧ್ಯಾಯ ಓದಬೇಕು, ಮೆರಿವೇಲ್ ಲಂಡನ್ನಿನಿಂದ ಬರಬೇಕು, ಎಲ್ಲರಿಗೂ ಚಹಾ ಮತ್ತು ಸಿಹಿ ಬನ್ನು. ಧಣಿ ತನ್ನ ಖರ್ಚಿನಲ್ಲಿ ತನ್ನ ಮುಖಕ್ಕೇ ಮಸಿ ಬಳಿಸಿಕೊಳ್ಳಲು ಹೊರಟಿದ್ದಾನೆ ಎಂದು ಡೊರ್ಕಸ್ ಒಳಗೊಳಗೇ ನಕ್ಕಿದ್ದಳು. ಗುರುವಾರ ಪುಸ್ತಕದ ಪೆಟ್ಟಿಗೆ ಬಂದರೂ ಒಂದು ಹಾಳೆಯನ್ನೂ ಬಿಡಿಸಲಿಲ್ಲ. ಈ ಸಲ ಚಾಕು ಹಿಡಿಯುವವಳು ಸೆಲೀನಾ ಎಂದು ಎತ್ತಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಸರ್ ಲೂಥರ್ ಅತಿಥಿಗೆ ಶೆಡ್ಡು ತೋರಿಸಲು ಹೋದ. ಅವನಪ್ಪ ಮಗ್ಗದಿಂದಲೇ ಮೇಲೆ ಬಂದವನು. ಶೆಡ್ಡಿಗೆ ಕಾಲಿಟ್ಟರೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದ. ಮಗ ದಕ್ಷಿಣದ ದೊಡ್ಡ ಶಾಲೆಯಲ್ಲಿ ಕಲಿತವನು. ಅವನಿಗೆ ಶೆಡ್ಡೆಂದರೆ ಬರೀ ಗದ್ದಲ. ಗದ್ದಲದಲ್ಲಿ ಗುಟ್ಟಿಗೆ ಅಪಾಯವಿಲ್ಲ ಎಂದುಕೊಂಡು ಸೆಲೀನಾಳ ಮಗ್ಗದೆದುರೇ ನಿಂತು ಮೆರಿವೇಲ್‌ನ ಕಿವಿಯಲ್ಲಿ ಒಂದು ಪ್ರಶ್ನೆ ಕೂಗಿದ, ಮೆರಿವೇಲ್ ಹಾಗೇ ಕೂಗಿ ಉತ್ತರ ಕೊಟ್ಟ.

ಹನ್ನೆರಡಕ್ಕೆ ಗಿರಣಿ ನಿಂತಿತು. ಹನ್ನೆರಡೂ ಹತ್ತಕ್ಕೆ ಮರದ ತಳದ ಬೂಟಿನ ಸದ್ದು ನೀಲಿ ಬಾಗಿಲಿಗೆ ಬಂತು. ಸೆಲೀನಾಳ ತಲೆಯಲ್ಲಿ ಇನ್ನೂ ಹತ್ತಿಯ ಧೂಳು.

"ಎಷ್ಟಕ್ಕೆ ಮಾರಿದೆ?" ಎಂದಳು. ಕಿವುಡರ ದನಿ, ಬೀದಿಗೆಲ್ಲ ಕೇಳುವಂಥದ್ದು.

ಡೊರ್ಕಸ್ ಒಳಗೆ ಬಾ ಎಂದಳು. ಅವಳು ಹೊಸಿಲು ದಾಟಲಿಲ್ಲ.

"ಆ ಲಂಡನ್ನವನು ಹೇಳ್ತಿದ್ದ, ನಾನೇ ನೋಡ್ದೆ. 'ಹುಡುಗಿ ನಿಮ್ಮ ಕೈಗೆ ಮುತ್ತಿಟ್ಟು ಹರಸಿ ಸಾಯ್ತಾಳೆ ಸರ್ ಲೂಥರ್, ನೀವು ಹೇಳಿದ ಹಾಗೇ ಬರೆಸಿದೀನಿ' ಅಂದ. ಧಣಿ ನಕ್ಕ. ನನ್ನ ಎಫಿನೂ ಮದುವೆ ಮಾಡಿಕೊಟ್ಟುಬಿಟ್ಯಲ್ಲೇ ಡೊರ್ಕಸ್."

ಡೊರ್ಕಸ್ ಪೆಟ್ಟಿಗೆ ಎಳೆದು ಒಂದು ಪ್ರತಿ ತೆಗೆದಳು. ರೊಟ್ಟಿ ಕೊಯ್ಯುವ ಚಾಕುವಿನಿಂದಲೇ ಕೊನೆಯ ಹಾಳೆಗಳನ್ನು ಬಿಡಿಸಿದಳು. ಅವಸರಕ್ಕೆ ಒಂದು ಹಾಳೆ ಅಡ್ಡಕ್ಕೆ ಹರಿಯಿತು. ಓದುತ್ತ ಹೋದಂತೆ ಅವಳ ಮುಖ ಸುಟ್ಟಿತು. ಕರಡು ವಾಪಸು ಕಳಿಸಿದ ಮೇಲೆ ಯಾರಿಂದಲೋ ಬರೆಸಿ ಸೇರಿಸಿದ್ದರು. ದ್ರಾಕ್ಷಿಯಿತ್ತು, ಧಣಿಯ ಕಣ್ಣೀರಿತ್ತು. ಹುಡುಗಿ ಒಂದು ದ್ರಾಕ್ಷಿ ತಿಂದು, ನೀವು ನನಗೆ ತಂದೆಯಂತೆ ಎಂದು ಹೇಳಿ ನಗುತ್ತ ಕಣ್ಣು ಮುಚ್ಚುತ್ತಿದ್ದಳು. ಕೆಳಗೆ ಡೊರ್ಕಸ್ ಕ್ಲೆಗ್ ಎಂಬ ಹೆಸರು.

ಅವಳು ಮುಖವೆತ್ತಿ, ಸೆಲೀನಾಗೆ ಕಾಣುವ ಹಾಗೆ ತುಟಿಯಲ್ಲಿ ಹೇಳಿದಳು. "ನಾನು ಬರೆದಿದ್ದಲ್ಲ ಇದು. ಆದ್ರೆ ತಪ್ಪು ನನ್ನದೇ. ಹನ್ನೊಂದು ಸಲ ಸುಮ್ಮನಿದ್ದೆ. ಹನ್ನೆರಡನೇ ಸಲ ಕೇಳೋದ್ಯಾಕೆ ಅಂದ್ಕೊಂಡಿದಾರೆ."

ಸೆಲೀನಾ ಹೊಸಿಲು ದಾಟಿ ಬಂದು ಕುರ್ಚಿಯಲ್ಲಿ ಕುಸಿದಳು. "ಈಗೇನ್ ಮಾಡ್ತೀಯ?"

"ನಾನು ಬರೆದಿದ್ದನ್ನ ಓದ್ತೀನಿ. ಮುಂದಿನ ಸಾಲಲ್ಲಿ ಕೂತ್ಕೋ."

"ಮುಂದಿನ ಸಾಲಲ್ಲಿ ಮೇಸ್ತ್ರಿಗಳ ಹೆಂಡ್ತೀರು ಟೋಪಿ ಹಾಕ್ಕೊಂಡು ಕೂತಿರ್ತಾರೆ. ನಾನು ಹಿಂದೇನೇ ಇರ್ತೀನಿ. ನಿನ್ನ ತುಟಿ ನನಗೆ ಎಲ್ಲಿಂದ್ಲೂ ಕಾಣುತ್ತೆ."

ಡೊರ್ಕಸ್ ಮೊದಲು ರೈಲು ನಿಲ್ದಾಣದ ಹೋಟೆಲಿಗೆ ಹೋದಳು. ಕದ್ದು ಹೊಡೆಯುವುದು ಅವಳ ಜಾಯಮಾನವಲ್ಲ. ಮೆರಿವೇಲ್ ಕುರಿಮಾಂಸ ಕತ್ತರಿಸುತ್ತ ಕೂತಿದ್ದ. ಅವಳನ್ನು ಕಂಡು ಎದ್ದು ಕುರ್ಚಿ ಎಳೆದ. ಅವಳು ಕೂರಲಿಲ್ಲ. ಕೊನೆಯ ಎಂಟು ಪುಟ ನನ್ನದಲ್ಲ, ಇವತ್ತು ನಾನು ಬರೆದದ್ದನ್ನೇ ಓದುತ್ತೇನೆ ಎಂದಳು. ಅವನು ಗಾಬರಿಯಾಗಲಿಲ್ಲ. ಸಂಜೆಯೊಳಗೆ ಸರಿಹೋಗುವ ಜ್ವರಕ್ಕೆ ವೈದ್ಯರು ಮಾತಾಡುವ ಹಾಗೆ ಮಾತಾಡಿದ. ಪತ್ರಿಕೆಯಲ್ಲಿ ಬಂದ ಸಂಗತಿಯಾದ್ದರಿಂದ ಕರಡನ್ನು ಸರ್ ಲೂಥರ್‌ಗೆ ತೋರಿಸಬೇಕಾಯಿತು, ಅವರು ಆ ಹಾಸಿಗೆಯ ಪಕ್ಕ ಖುದ್ದಾಗಿ ಇದ್ದವರು. ಹುಡುಗಿ ಹರಸಿದಳು ಎಂದು ತಾಯಿಯೇ ಅವರಿಗೆ ಹೇಳಿದ್ದಾಳೆ. ಬೇರೆ ರೀತಿ ಅಚ್ಚು ಹಾಕಿದರೆ ಮಾನನಷ್ಟದ ಮೊಕದ್ದಮೆ ಬೀಳುತ್ತದೆ. ಡೊರ್ಕಸಳ ಕಡೆಗೆ ಸಾಕ್ಷಿ ಯಾರು? ತಾನು ಅಂದು ಸುಳ್ಳು ಹೇಳಿದೆ ಎಂದು ಈಗ ಹೇಳುವ ಒಬ್ಬ ಕಿವುಡಿಯೇ?

"ಅಚ್ಚಾದ್ದನ್ನು ಬಿಟ್ಟು ಒಂದು ಪದ ಬೇರೆ ಓದಿದ್ರೂ, ನಿಮ್ಮ ಯಾವ ಪುಸ್ತಕವೂ ಮತ್ತೆ ನಮ್ಮಲ್ಲಿ ಅಚ್ಚಾಗೋಲ್ಲ ಮಿಸ್ ಕ್ಲೆಗ್," ಎಂದ. "ಲಂಡನ್ನಿನಲ್ಲಿ ಬೇರೆ ಯಾರೂ ನಿಮ್ಮನ್ನು ಮುಟ್ಟೋದೂ ಇಲ್ಲ. ನಾನು ಹೇಳಿಡ್ತೀನಿ. ಇಪ್ಪತ್ತನಾಲ್ಕು ವರ್ಷದ ಹೆಸರು. ಹನ್ನೊಂದು ಪುಸ್ತಕ. ಯೋಚನೆ ಮಾಡಿ."

ಡೊರ್ಕಸ್ ಯೋಚಿಸಿದಳು. ಅವಳಿಗೆ ಐವತ್ತಮೂರು ವಯಸ್ಸು, ಬೇರೆ ಆದಾಯವಿಲ್ಲ, ಮಗ್ಗಕ್ಕೆ ಮರಳುವ ಕಣ್ಣೂ ಉಳಿದಿರಲಿಲ್ಲ. ಭಯವಾಯಿತು, ಆಗಲಿಲ್ಲ ಎಂದರೆ ಸುಳ್ಳು.

"ಹನ್ನೊಂದು ಮದುವೆ ತಾನೇ," ಎಂದಳು. "ಮುರಿದುಬೀಳ್ಲಿ ಬಿಡಿ. ಹುಡುಗೀರು ಬದುಕ್ಕೋತಾರೆ."

ಬಾಗಿಲ ತನಕ ಹೋದವಳು ತಿರುಗಿ, ಮಾಂಸ ಆರುತ್ತಿದೆ, ಊಟ ಮಾಡಿ ಎಂದಳು.

ಪುಸ್ತಕಾಲಯದ ದೊಡ್ಡ ಹಜಾರ ಮೂರು ಗಂಟೆಗೆಲ್ಲ ಕಿಕ್ಕಿರಿದಿತ್ತು. ಮುಂದೆ ಟೋಪಿಗಳು, ಹಿಂದೆ ಶಾಲು ಹೊದ್ದ ನೇಕಾರ್ತಿಯರು, ಮೇಲಿನ ಗ್ಯಾಲರಿಯ ತುಂಬ ಅವರೇ. ಬನ್ನು ಕೈಗೆ ಸಿಗುವ ತನಕ ಕದಲುವುದಿಲ್ಲ ಎಂದು ಬಂದವರು ಅನೇಕರು. ವೇದಿಕೆಯ ಮೇಲೆ ಸರ್ ಲೂಥರ್, ಮೆರಿವೇಲ್, ಪಾದ್ರಿ, ಇನ್ನಿಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮುಂದೆ ಡೊರ್ಕಸಳ ಓದುಮೇಜು. ವೇದಿಕೆಯ ಬುಡದಲ್ಲಿ ಗಿರಣಿಯ ಬ್ಯಾಂಡು, ಹಿತ್ತಾಳೆ ವಾದ್ಯದ ಇಪ್ಪತ್ತಾರು ಗಂಡಸರು. ಮೆರಿವೇಲ್ ಸರ್ ಲೂಥರ್‌ನ ಕಿವಿಯಲ್ಲಿ ಏನೋ ಹೇಳಿದ. ಸರ್ ಲೂಥರ್ ಬಗ್ಗಿ ಬ್ಯಾಂಡ್ ಮಾಸ್ತರನಿಗೆ ಏನೋ ಹೇಳಿದ. ಈ ಸಲ ಅವನು ಬೆನ್ನು ತಿರುಗಿಸಿದ್ದರಿಂದ ಯಾರಿಗೂ ಓದಲಾಗಲಿಲ್ಲ.

ಡೊರ್ಕಸ್ ಎದ್ದು ನಿಂತಳು. ಅಧ್ಯಾಯದ ಮೊದಲ ಎರಡು ಪುಟ ಅವಳು ಬರೆದಂತೆಯೇ ಅಚ್ಚಾಗಿದ್ದವು, ದನಿಯೆತ್ತಿ ಓದಿದಳು. ಹುಡುಗಿಯ ಕೋಣೆ, ಕಿಟಕಿ, ಕೆಮ್ಮು, ಮೆಟ್ಟಿಲ ಮೇಲೆ ಧಣಿಯ ಹೆಜ್ಜೆ. ದ್ರಾಕ್ಷಿಯ ಬುಟ್ಟಿ ಬಂದಾಗ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ಇಲ್ಲಿಂದ ಮುಂದೆ ಅಚ್ಚಾಗಿರೋದು ನಾನು ಬರೆದಿದ್ದಲ್ಲ," ಎಂದಳು. "ನಾನು ಬರೆದಿದ್ದು ನನಗೆ ಬಾಯಿಪಾಠ ಬರುತ್ತೆ."

ಒಂದೇ ಒಂದು ವಾಕ್ಯ ಹೇಳಿರಬೇಕು. ಸರ್ ಲೂಥರ್ ಕೈಯೆತ್ತಿದ. ಬ್ಯಾಂಡಿನ ಇಪ್ಪತ್ತಾರು ಜನ ಒಟ್ಟಿಗೆ ಊದಿದರು. ದೊಡ್ಡ ಡೋಲು ಬಿತ್ತು, ಕಿಟಕಿಯ ಗಾಜುಗಳು ಗುಡುಗುಟ್ಟಿದವು. ಸಭೆಯ ಗಂಭೀರ ಸಂದರ್ಭಗಳಿಗೆ ಇಟ್ಟುಕೊಂಡಿದ್ದ ಭಜನೆಯೊಂದನ್ನು ಅವರು ಕುಸ್ತಿಗೆ ಬಾರಿಸುವ ಹಾಗೆ ಬಾರಿಸುತ್ತಿದ್ದರು. ಡೊರ್ಕಸಳ ದನಿ ಅವಳ ಕಿವಿಗೇ ಬೀಳದಾಯಿತು.

ಅವಳು ಬೆದರಿ ನಿಂತದ್ದು ಒಂದು ಕ್ಷಣ. ಮರುಕ್ಷಣ ಅವಳ ಅಂಗಾಲಿಗೆ ಹಲಗೆಯ ನಡುಕ ಹತ್ತಿತು, ಅದು ಎಳವೆಯಿಂದ ಕಂಡ ನಡುಕ. ಈ ಗದ್ದಲ ಅವಳಿಗೆ ಹೊಸದೇ? ಇಪ್ಪತ್ತೈದು ವರ್ಷ ಇದರೊಳಗೇ ಹಾಡಿದ್ದಾಳೆ, ಜಗಳವಾಡಿದ್ದಾಳೆ, ಬಸಿರು ಬಾಣಂತನದ ಸುದ್ದಿ ಹಂಚಿದ್ದಾಳೆ. ನಾನೂರು ನೇಕಾರ್ತಿಯರ ಬಾಯಿ ಮುಚ್ಚಿಸಲು ಗದ್ದಲ ಎಬ್ಬಿಸಿದ್ದಾನಲ್ಲ ಈ ಪುಣ್ಯಾತ್ಮ ಎಂದು ಅವಳಿಗೆ ನಗು ಉಕ್ಕಿತು.

ಅವಳು ದನಿ ನಿಲ್ಲಿಸಿದಳು. ತಲೆಯೆತ್ತಿ ಗ್ಯಾಲರಿಗೆ ಮುಖ ಕೊಟ್ಟು, ತುಟಿಯಲ್ಲಿ ಶುರುಮಾಡಿದಳು. ಮೊದಲ ಪುಸ್ತಕದ ದುಡ್ಡಿನ ಹಲ್ಲುಗಳು ಈಗ ಕೆಲಸಕ್ಕೆ ಬಂದವು. ಒಂದೊಂದು ಪದವೂ ಅವುಗಳ ಮೇಲೆ ಸ್ಪಷ್ಟವಾಗಿ ಮೂಡಿತು. ಹಿಂದಿನ ಸಾಲುಗಳಲ್ಲಿ ಬನ್ನು ಮೊದಲೇ ಗಿಟ್ಟಿಸಿಕೊಂಡಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಶಾಲುಗಳು ಒಂದರ ಪಕ್ಕ ಒಂದು ಮುಂದಕ್ಕೆ ಬಾಗಿದವು. ವೇದಿಕೆಯ ಗಂಡಸರಿಗೆ ಕಂಡದ್ದು ಸುಮ್ಮನೆ ನಿಂತ ಒಂದು ಬೆನ್ನು. ಸೋತು ನಿಂತಿದ್ದಾಳೆ ಎಂದುಕೊಂಡ ಮೆರಿವೇಲ್ ಕಾಲ ಮೇಲೆ ಕಾಲು ಹಾಕಿದ.

ಅವಳು ಕೊನೆಯ ಎಂಟು ಪುಟವನ್ನೂ ಹೇಳಿದಳು. ಧಣಿ ಕೇಳಿದ್ದನ್ನು ಹೇಳಿದಳು. ಹುಡುಗಿ ದ್ರಾಕ್ಷಿಯನ್ನು ನೋಡಿದ್ದನ್ನು, ತುಟಿ ಬಿಚ್ಚಿದ್ದನ್ನು, ದ್ರಾಕ್ಷಿ ವಾಪಸು ಒಯ್ದು ಉಸಿರು ತಂದುಕೊಡಿ ಎಂದದ್ದನ್ನು ಹೇಳಿದಳು. ತಾಯಿ ಹೆದರಿ ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಅದನ್ನು ಹೇಳುವಾಗ ಗ್ಯಾಲರಿಯ ಎಡಮೂಲೆಯಲ್ಲಿ ನಿಂತ ಸೆಲೀನಾಳನ್ನೇ ನೋಡುತ್ತಿದ್ದಳು. ಸೆಲೀನಾ ಕಣ್ಣು ತಪ್ಪಿಸಲಿಲ್ಲ. ಅದು ಎಫಿಯ ಕಥೆ ಎಂದು ಹಜಾರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಬೆಗೆ ಮನೆಯವರನ್ನು ಕೊಟ್ಟವರು ಅಲ್ಲಿ ಇನ್ನೂ ಎಷ್ಟೋ ಜನ ಇದ್ದರು.

ಬ್ಯಾಂಡಿನವರ ಉಸಿರು ಮುಗಿಯಿತು. ಒಬ್ಬೊಬ್ಬರಾಗಿ ತುತ್ತೂರಿ ಇಳಿಸಿದರು. ಸರ್ ಲೂಥರ್ ಎದ್ದು ಕೋಟು ಸರಿಮಾಡಿಕೊಂಡು ಮುಂದೆ ಬಂದ, ಮಿಸ್ ಕ್ಲೆಗ್ ಅವರಿಗೆ ಆಯಾಸವಾಗಿದೆ ಎಂದು ನಗುತ್ತ ಶುರುಮಾಡಿದ. ಯಾರೂ ನಗಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ. ಗ್ಯಾಲರಿಯ ಒಂದು ಮೂಲೆಯಲ್ಲಿ ಯಾರದೋ ತುಟಿ ಅಲುಗಿತು. ಪಕ್ಕದವಳದು ಅಲುಗಿತು. ಸಾಲಿನಿಂದ ಸಾಲಿಗೆ ಹರಡಿ ನಾನೂರು ಬಾಯಿ ಒಂದೇ ಮಾತನ್ನು ದನಿಯಿಲ್ಲದೆ ಅವನ ಮುಖಕ್ಕೆ ಹೇಳತೊಡಗಿದವು. ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹೇಳಿದವು. ಹಜಾರದಲ್ಲಿ ಚಹಾದ ಹಂಡೆ ಕುದಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸರ್ ಲೂಥರ್‌ನ ನಗು ಮುಖದ ಮೇಲೇ ಒಣಗಿತು. ಅವನು ಡೊರ್ಕಸಳ ಕಡೆ ತಿರುಗಿದ. "ಏನಂತಿದಾರೆ ಇವರೆಲ್ಲ?"

ಡೊರ್ಕಸ್ ಬಾಯಿ ತೆರೆದಳು. ಬೇರೆಯವರ ಬಾಯಿಗೆ ಮಾತು ಕೊಟ್ಟೇ ಬದುಕಿದವಳಿಗೆ ಅದೇನು ದೊಡ್ಡದಲ್ಲ. ಆದರೆ ಆ ಮಾತು ತನ್ನದಲ್ಲ ಎಂದು ಅವಳಿಗೆ ಅನ್ನಿಸಿತು. ಬಾಯಿ ಮುಚ್ಚಿ, ಗ್ಯಾಲರಿಯ ಎಡಮೂಲೆಗೆ ನೋಡಿ, ತುಟಿಯಲ್ಲಿ ಸೆಲೀನಾಗೆ ಹೇಳಿದಳು. "ಏನಂದಳು ಅಂತ ಕೇಳ್ತಿದಾನೆ."

ಸೆಲೀನಾ ಗ್ಯಾಲರಿಯ ಕಂಬಿ ಹಿಡಿದುಕೊಂಡಳು. ಸೋಮವಾರ ತನಗೆ ಮಗ್ಗವಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅವತ್ತೂ ಇದೇ ಕೇಳಿದ್ರಿ ಧಣಿ," ಎಂದಳು. ಕಿವುಡರ ಆ ದೊಡ್ಡ ದನಿ ಹಜಾರದ ಮೂಲೆ ಮೂಲೆಗೆ ಹೋಯಿತು. "ಅವತ್ತು ನಾನು ಹೆದರ್ಕೊಂಡು ಸುಳ್ಳು ಹೇಳಿದೆ. ನನ್ನ ಮಗಳು ಹರಸಲಿಲ್ಲ. ದ್ರಾಕ್ಷಿ ವಾಪಸ್ ತಗೊಂಡು ಹೋಗಿ, ನನ್ನ ಉಸಿರು ತಂದುಕೊಡಿ ಅಂದಳು."

ಸರ್ ಲೂಥರ್‌ನ ಕೈ ಓದುಮೇಜಿನ ಅಂಚನ್ನು ತಡಕಿತು. ನಾಲ್ಕು ವರ್ಷ ತಾನು ಎಲ್ಲೆಲ್ಲಿ, ಯಾರ್ಯಾರ ಮುಂದೆ ಕಣ್ಣು ಒದ್ದೆ ಮಾಡಿಕೊಂಡು ಆ ಹರಸಿದ ಕಥೆ ಹೇಳಿದ್ದೆನೋ ಎಲ್ಲ ನೆನಪಾಗುತ್ತಿರುವ ಹಾಗೆ ಅವನ ಮುಖ ನಿಧಾನವಾಗಿ ಕೆಂಪಾಯಿತು.

ಮೆರಿವೇಲ್ ಆಡಿದಂತೆಯೇ ಮಾಡಿದ. ಡೊರ್ಕಸ್ ಕ್ಲೆಗ್‌ಳ ಹನ್ನೊಂದು ಪುಸ್ತಕಗಳ ಅಚ್ಚು ನಿಂತಿತು, ಹದಿಮೂರನೆಯದನ್ನು ಲಂಡನ್ನಿನಲ್ಲಿ ಯಾರೂ ಮುಟ್ಟಲಿಲ್ಲ. ಅವಳು ನೇಕಾರರ ಸಂಘದ ವಾರಪತ್ರಿಕೆಗೆ ಬರೆಯುತ್ತ, ಅರ್ಧ ಮನೆ ಬಾಡಿಗೆಗೆ ಕೊಟ್ಟು ಕಾಲ ಹಾಕಿದಳು. ಸೆಲೀನಾಗೆ ಮಗ್ಗ ಹೋಯಿತು. ಅವಳು ನೀಲಿ ಬಾಗಿಲ ಮನೆಗೇ ಬಂದಳು, ಸಂಜೆ ಹೊತ್ತು ಡೊರ್ಕಸಳ ಪಕ್ಕ ಕೂತು ಅಕ್ಷರ ತಿದ್ದಿದಳು. ಹಬೆ ನಿಲ್ಲಲು ಮತ್ತೂ ವರ್ಷಗಳು ಹಿಡಿದವು.

ಹನ್ನೆರಡನೆಯ ಪುಸ್ತಕದ ಎರಡು ಪ್ರತಿಗಳನ್ನು ಸರ್ ಲೂಥರ್ ಪುಸ್ತಕಾಲಯಕ್ಕೆ ಮೊದಲೇ ಕೊಟ್ಟಾಗಿತ್ತು, ದಾಖಲಾಗಿದ್ದನ್ನು ವಾಪಸು ಪಡೆಯುವಂತಿರಲಿಲ್ಲ. ಆ ವರ್ಷದೊಳಗೇ ಎರಡರಲ್ಲೂ ಕೊನೆಯ ಎಂಟು ಪುಟ ಮಾಯವಾಗಿ, ಅವುಗಳ ಜಾಗದಲ್ಲಿ ಕೈಬರಹದ ಹಾಳೆಗಳು ಗಂಜಿಯಿಂದ ಅಂಟಿಕೊಂಡಿದ್ದವು. ಪುಸ್ತಕಾಲಯದವರು ಕಿತ್ತು ಹಾಕಿದರು. ಮುಂದಿನ ತಿಂಗಳು ಬೇರೆ ಯಾರದೋ ಅಕ್ಷರದಲ್ಲಿ ಮತ್ತೆ ಬಂದವು. ನಾಲ್ಕು ಸಲ ಕಿತ್ತು ಅವರೇ ಸುಸ್ತಾದರು. ಐದನೆಯ ಸಲ ಬಂದ ಹಾಳೆಗಳ ಪೈಕಿ ಏಳು ಪುಟ ಡೊರ್ಕಸಳ ಅಕ್ಷರ. ಎಂಟನೆಯದರಲ್ಲಿ ಎರಡೇ ಸಾಲು. ಐವತ್ತನೆಯ ವಯಸ್ಸಿಗೆ ಬರೆಯಲು ಕಲಿತ ಒಂದು ಕೈ ಪೆನ್ಸಿಲನ್ನು ಒತ್ತಿ ಒತ್ತಿ ಬರೆದದ್ದು. ಹಾಳೆಯ ಬೆನ್ನ ಮೇಲೆ ಬೆರಳಾಡಿಸಿದರೂ ಆ ಅಕ್ಷರಗಳು ತಾಗುತ್ತಿದ್ದವು. ದ್ರಾಕ್ಷಿ ವಾಪಸ್ ತಗೊಂಡು ಹೋಗಿ. ನನ್ನ ಉಸಿರು ತಂದುಕೊಡಿ.